ಏರುಹಾದಿಯ ಊರುಗಳು, ಉಪ್ಪಿಲ್ಲದ ಬ್ರೆಡ್ಡು

ಇಟಲಿಯ ಬೆಟ್ಟದ ಊರುಗಳಿಗೆ ರೈಲು ಹೋಗುವುದಿಲ್ಲ. ಬೆಟ್ಟದ ಬುಡದವರೆಗೆ ಬಂದು, ನಮ್ಮನ್ನು ಇಳಿಸಿ, ಕಣಿವೆ ಹಿಡಿದು ತನ್ನ ಪಾಡಿಗೆ ತಾನು ಹೊರಟುಬಿಡುತ್ತದೆ. ಸ್ಟೇಷನ್ನಿನ ಬೋರ್ಡಿನಲ್ಲಿ ‘ಅಸ್ಸೀಸಿ’ ಎಂದಿರುತ್ತದೆ; ಕತ್ತೆತ್ತಿ ನೋಡಿದರೆ ಅಸ್ಸೀಸಿ ಎಲ್ಲೋ ದೂರದ ಇಳಿಜಾರಿನಲ್ಲಿ ತಿಳಿಗುಲಾಬಿ ಬಣ್ಣದ ಕಲ್ಲುಗಳಲ್ಲಿ ಹರಡಿಕೊಂಡಿರುತ್ತದೆ. ಒರ್ವಿಯೇತೊದಲ್ಲಿ ಇಳಿದರೆ ಎದುರಿಗೆ ನಿಂತಿರುವುದು ಕಡಿದಾದ ಬಂಡೆ. ಊರು ಇರುವುದು ಆ ಬಂಡೆಯ ನೆತ್ತಿಯ ಮೇಲೆ. ಕೊರ್ತೋನಾ, ಪೆರೂಜಾ, ಎಲ್ಲದರ ಕಥೆಯೂ ಇದೇ. ಪೆರೂಜಾದಲ್ಲಿ ಓದುತ್ತಿದ್ದಾಗ ರಜೆ ಸಿಕ್ಕರೆ ಸಾಕು, ಬೆನ್ನಿಗೊಂದು ಚೀಲ ಹಾಕಿಕೊಂಡು ಈ ಊರುಗಳನ್ನು ಹತ್ತಲು ಹೊರಡುತ್ತಿದ್ದೆ. ಹತ್ತಿದಷ್ಟೂ ಇನ್ನೂ ಹತ್ತಬೇಕೆನಿಸುವ ಊರುಗಳು ಅವು.

ಈ ಊರುಗಳು ಬೆಟ್ಟ ಏರಿದ್ದು ಚಂದ ಕಾಣಲಿ ಎಂದಲ್ಲ. ರೋಮನ್ನರು ತಲೆಯೆತ್ತುವ ಮುಂಚೆಯೇ ಇಲ್ಲಿ ನೆಲೆಸಿದ್ದ ಎಟ್ರಸ್ಕನ್ನರು ಎತ್ತರದ ಜಾಗಗಳನ್ನು ಆರಿಸಿಕೊಂಡರು. ಮೇಲಿದ್ದರೆ ಶತ್ರು ದೂರದಿಂದಲೇ ಕಾಣುತ್ತಾನೆ, ಕೆಳಗಿನ ಒಳ್ಳೆಯ ಮಣ್ಣು ಬೇಸಾಯಕ್ಕೆ ಉಳಿಯುತ್ತದೆ, ಜೌಗು ಬಯಲಿನ ಮಲೇರಿಯಾ ಅಲ್ಲಿಗೆ ಏರಿ ಬರುವುದಿಲ್ಲ. ಮಧ್ಯಯುಗದಲ್ಲಿ ಒಂದೊಂದು ಊರೂ ತನ್ನದೇ ಆಡಳಿತ, ತನ್ನದೇ ಗೋಡೆ, ತನ್ನದೇ ದಂಡು ಕಟ್ಟಿಕೊಂಡು ಪಕ್ಕದ ಬೆಟ್ಟದವರೊಡನೆ ಕಾದಾಡಿತು. ಪೆರೂಜಾದಿಂದ ನೋಡಿದರೆ ಅಸ್ಸೀಸಿ ಬರಿಗಣ್ಣಿಗೇ ಕಾಣುತ್ತದೆ. ಅಷ್ಟು ಹತ್ತಿರದ ಈ ಎರಡು ಊರುಗಳು 1202ರಲ್ಲಿ ಹೊಡೆದಾಡಿಕೊಂಡವು. ಆ ಕಾಳಗದಲ್ಲಿ ಸೆರೆಸಿಕ್ಕಿ ಪೆರೂಜಾದ ಬಂದೀಖಾನೆ ಸೇರಿದ ಅಸ್ಸೀಸಿಯ ಬಟ್ಟೆ ವ್ಯಾಪಾರಿಯ ಮಗನೇ ಮುಂದೆ ಸಂತ ಫ್ರಾನ್ಸಿಸ್ ಆದದ್ದು. ಇವತ್ತು ಎರಡೂ ಊರಿನವರು ಒಬ್ಬರ ಮನೆಗೆ ಒಬ್ಬರು ಹೆಣ್ಣು ಕೊಟ್ಟು ತರುತ್ತಾರೆ. ಆದರೂ ‘ನಿಮ್ಮೂರಿನ ಆಲಿವ್ ಎಣ್ಣೆ ಒಳ್ಳೆಯದೋ ಅವರೂರಿನದೋ’ ಎಂದು ಕೇಳಿ ನೋಡಿ, ಹಳೆಯ ಕಾಳಗ ಇನ್ನೂ ಮುಗಿದಿಲ್ಲ ಎಂದು ಗೊತ್ತಾಗುತ್ತದೆ.

ಪೆರೂಜಾ ಉಂಬ್ರಿಯಾ ಪ್ರಾಂತ್ಯದ ರಾಜಧಾನಿ. ಕಡಲೂ ಇಲ್ಲದ, ಹೊರದೇಶದ ಗಡಿಯೂ ಇಲ್ಲದ ಪ್ರಾಂತ್ಯ ಇಟಲಿಯಲ್ಲಿ ಇದೊಂದೇ. ಇಲ್ಲಿನ ವಿಶ್ವವಿದ್ಯಾಲಯ 1308ರದು. ಅದರ ಜೊತೆಗೆ, ಇಟಾಲಿಯನ್ ಕಲಿಯಲು ಬರುವ ಪರದೇಶಿಗಳಿಗೆಂದೇ 1921ರಲ್ಲಿ ಶುರುವಾದ ಇನ್ನೊಂದು ವಿದ್ಯಾಸಂಸ್ಥೆಯಿದೆ. ಅದರ ಕಟ್ಟಡ ಗಲೆಂಗಾ ಅರಮನೆ. ಅದರ ಬಾಗಿಲಿನಿಂದ ಹೊರಬಂದರೆ ಎದುರಿಗೇ ಎರಡು ಸಾವಿರ ವರ್ಷಕ್ಕೂ ಹಳೆಯ ಎಟ್ರಸ್ಕನ್ ಹೆಬ್ಬಾಗಿಲು. ತರಗತಿಯಲ್ಲಿ ಭೂತಕಾಲದ ಕ್ರಿಯಾಪದ ಕಲಿತು ಹೊರಗೆ ಬಂದರೆ ಬೀದಿಯಲ್ಲಿ ಭೂತಕಾಲವೇ ನಿಂತಿರುತ್ತದೆ. ಅದರ ಕಮಾನಿನ ಕೆಳಗೆ ನಾವು ಸ್ಕೂಟರಿಗೆ ದಾರಿ ಬಿಟ್ಟು ಗೋಡೆಗೆ ಒತ್ತಿಕೊಂಡು ನಡೆಯುತ್ತಿರುತ್ತೇವೆ.

ಪೆರೂಜಾಕ್ಕೆ ಹತ್ತುವ ದಾರಿಯೇ ಒಂದು ಪಾಠ. 1540ರಲ್ಲಿ ಪೋಪ್ ಮೂರನೆಯ ಪಾಲ್ ಉಪ್ಪಿನ ಮೇಲೆ ಹೊಸ ತೆರಿಗೆ ಹೇರಿದ. ಪೆರೂಜಾ ಒಪ್ಪಲಿಲ್ಲ, ದಂಗೆ ಎದ್ದಿತು, ಸೋತಿತು. ಗೆದ್ದ ಪೋಪ್ ಊರಿನ ಪ್ರಬಲ ಮನೆತನದ ಕೇರಿಯನ್ನೇ ಹೂತು ಅದರ ಮೇಲೆ ಕೋಟೆ ಕಟ್ಟಿಸಿದ. ಮುಂದೆ 1860ರಲ್ಲಿ ಪೋಪರ ಆಳ್ವಿಕೆ ಕೊನೆಗೊಂಡಾಗ ಊರಿನವರು ಆ ಕೋಟೆಯನ್ನು ಕೆಡವಿ ಹಾಕಿದರು. ಅದರ ಹೊಟ್ಟೆಯೊಳಗೆ ಹೂತುಹೋಗಿದ್ದ ಓಣಿಗಳು, ಮನೆಯ ಬಾಗಿಲುಗಳು, ಗೋಪುರದ ಬುಡಗಳು ಹಾಗೆಯೇ ಉಳಿದವು. 1983ರಿಂದ ಅದೇ ಓಣಿಗಳ ನಡುವೆ ಎಸ್ಕಲೇಟರ್ ಓಡುತ್ತಿದೆ. ಸಂತೆಗೆ ಹೋಗುವ ಅಜ್ಜಿ, ಪರೀಕ್ಷೆಗೆ ತಡವಾದ ವಿದ್ಯಾರ್ಥಿ, ಮಗುವಿನ ಗಾಡಿ ತಳ್ಳುವ ತಾಯಿ, ಎಲ್ಲರೂ ಪೋಪನ ಕೋಟೆಯ ಒಡಲಿನಿಂದಲೇ ಮೇಲೇರಿ ಬಿಸಿಲಿಗೆ ಬರುತ್ತಾರೆ. ಸೋತ ಊರು ತನ್ನ ಸೋಲನ್ನು ದಿನನಿತ್ಯದ ಹಾದಿಯಾಗಿ ಮಾಡಿಕೊಂಡ ಬಗೆ ನನಗೆ ತುಂಬ ಮೆಚ್ಚುಗೆಯಾಯಿತು.

ಆ ಉಪ್ಪಿನ ಕಾಳಗದ ನೆನಪು ಇಲ್ಲಿನ ಬ್ರೆಡ್ಡಿನಲ್ಲೂ ಇದೆ ಎನ್ನುತ್ತಾರೆ ಜನ. ಉಂಬ್ರಿಯಾದ ಬ್ರೆಡ್ಡಿಗೆ ಉಪ್ಪಿಲ್ಲ. ಪೋಪನ ಉಪ್ಪನ್ನು ಕೊಳ್ಳುವುದಿಲ್ಲ ಎಂಬ ಹಟದಿಂದ ಹಾಗಾಯಿತು ಎಂಬುದು ಅವರ ಕಥೆ. ಪಕ್ಕದ ಟಸ್ಕನಿಯ ಬ್ರೆಡ್ಡಿಗೂ ಉಪ್ಪಿಲ್ಲ, ಅವರದು ಬೇರೆಯೇ ಕಥೆ. ಕಥೆ ಏನೇ ಇರಲಿ, ಊಟದ ಮೇಜಿನ ಲೆಕ್ಕ ಸರಿಯಾಗಿದೆ: ಇಲ್ಲಿನ ಕುರಿಹಾಲಿನ ಪೆಕೊರೀನೊ ಚೀಸ್ ಉಪ್ಪು, ಒಣಗಿಸಿಟ್ಟ ಮಾಂಸ ಉಪ್ಪು, ಆಲಿವ್ ಕಾಯಿ ಉಪ್ಪು, ಬ್ರೆಡ್ಡು ಸಪ್ಪೆಯಿದ್ದರೇ ಎಲ್ಲಕ್ಕೂ ಹೊಂದುತ್ತದೆ. ನಾನು ಬ್ರೆಡ್ಡಿನ ತುಂಡೊಂದನ್ನು ಹಾಗೆಯೇ ಕಚ್ಚುತ್ತಿದ್ದುದನ್ನು ನೋಡಿದ ಬೇಕರಿಯ ಹಿರಿಯಾಕೆ, ‘ಬರಿದೇ ತಿನ್ನಬೇಡ ಮಗು, ಬ್ರೆಡ್ಡಿಗೆ ಯಾವಾಗಲೂ ಜೊತೆ ಬೇಕು’ ಎಂದು ಒಳಗಿನಿಂದ ಎಣ್ಣೆಯ ಸೀಸೆ ತಂದು ಅದರ ಮೇಲೆ ಸುರಿದರು. ಹೊಸ ಆಲಿವ್ ಎಣ್ಣೆ ಹಸಿರಾಗಿ, ಗಂಟಲಲ್ಲಿ ಮೆಣಸಿನಂತೆ ಚುರುಗುಟ್ಟುತ್ತ ಇಳಿಯಿತು. ‘ಈಗ ಸರಿ’ ಎಂದರು ಅವರು. ನಿಜಕ್ಕೂ ಸರಿಯಾಗಿತ್ತು.

ವಿದ್ಯಾರ್ಥಿಯ ಜೇಬು ಚಿಕ್ಕದು. ಆದರೆ ಬೆಟ್ಟದ ಊರಿನ ಅಡುಗೆ ಹುಟ್ಟಿದ್ದೇ ಚಿಕ್ಕ ಜೇಬಿನವರ ಮನೆಯಲ್ಲಿ. ಮೊಟ್ಟೆ ಕೊಳ್ಳಲು ಆಗದವರು ಬರಿಯ ಹಿಟ್ಟು ನೀರು ಕಲಸಿ ಪಾಸ್ತಾ ಮಾಡಿದರು. ಉಂಬ್ರಿಯಾದ ಸ್ತ್ರಾಂಗೊತ್ಸಿ, ಸಿಯೆನಾ ಸೀಮೆಯ ಕೈಯಲ್ಲಿ ಹೊಸೆದ ಪೀಚಿ ಎರಡೂ ಹಾಗೆ ಬಂದವು. ಪೀಚಿಯ ಮೇಲೆ ಚೀಸ್ ಉದುರಿಸಲು ಕಾಸಿಲ್ಲವೆಂದರೆ ಒಣಬ್ರೆಡ್ಡನ್ನು ಪುಡಿ ಮಾಡಿ ಎಣ್ಣೆಯಲ್ಲಿ ಹುರಿದು ಉದುರಿಸಿದರು. ಅದು ಇವತ್ತಿಗೂ ಅಲ್ಲಿಯ ಮೆಚ್ಚಿನ ತಿನಿಸು. ಹಳಸಲು ಬ್ರೆಡ್ಡನ್ನು ಎಸೆಯುವ ಮಾತೇ ಇಲ್ಲ. ಬೇಸಿಗೆಯಲ್ಲಿ ನೀರಲ್ಲಿ ನೆನೆಸಿ ಹಿಂಡಿ ಟೊಮೆಟೊ, ಈರುಳ್ಳಿ, ಬೇಸಿಲ್ ಎಲೆ, ಎಣ್ಣೆ ಬೆರೆಸಿದರೆ ಪಂಜನೆಲ್ಲಾ. ಚಳಿಗಾಲದಲ್ಲಿ ಅವರೆಯಂಥ ಬಿಳಿ ಕಾಳು, ಕಡುಹಸಿರು ಸೊಪ್ಪಿನೊಡನೆ ಮತ್ತೆ ಕುದಿಸಿದರೆ ರಿಬೊಲ್ಲಿತಾ. ಒಂದು ಬಟ್ಟಲು ರಿಬೊಲ್ಲಿತಾ ಉಂಡರೆ ಸಂಜೆಯವರೆಗೆ ಏರುಹಾದಿಯ ಭಯವಿಲ್ಲ.

ಪೆರೂಜಾದ ವಿದ್ಯಾರ್ಥಿಗಳನ್ನೆಲ್ಲ ಸಾಕಿದ ತಿನಿಸೆಂದರೆ ‘ತೋರ್ತಾ ಅಲ್ ತೆಸ್ತೊ’. ಹಿಟ್ಟು, ನೀರು, ಉಪ್ಪು, ಚಿಟಿಕೆ ಸೋಡಾ ಹಾಕಿ ನಾದಿ, ದಪ್ಪ ತಟ್ಟಿ, ಕಾದ ಹಂಚಿನ ಮೇಲೆ ಬೇಯಿಸಿ, ಬಿಸಿಬಿಸಿ ಇರುವಾಗಲೇ ಅಡ್ಡಕ್ಕೆ ಸೀಳಿ ಒಳಗೆ ಬಾಡಿಸಿದ ಸೊಪ್ಪು, ಚೀಸ್ ತುಂಬಿ ಕೊಡುತ್ತಾರೆ. ಮಾಂಸ ತಿನ್ನುವವರಿಗೆ ಮಾಂಸ. ಗುಬ್ಬಿಯೊ ಊರಿಗೆ ಹೋದರೆ ಇದೇ ರೊಟ್ಟಿಯ ಹೆಸರು ‘ಕ್ರೇಷಾ’. ಎರಡೂ ಒಂದೇ ಅಲ್ಲವೇ ಎಂದು ಅಲ್ಲಿ ಕೇಳಿದರೆ ಅಂಗಡಿಯವರಿಗೆ ನಗು ಬರುವುದಿಲ್ಲ.

ಸಸ್ಯಾಹಾರಿಗಳಾದ ನಮ್ಮವರು ಅಲ್ಲಿಗೆ ಹೋಗುವ ಮುಂಚೆ ತಿಳಿದಿರಬೇಕಾದ ಸಂಗತಿಯೊಂದಿದೆ. ಸೊಪ್ಪು, ಕಾಳು, ಅಣಬೆ, ಪಾಸ್ತಾಗಳಿಗೆ ಕೊರತೆಯಿಲ್ಲ. ಉಪವಾಸವಿರುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಪಾರ್ಮಿಜಾನೊ ಚೀಸನ್ನು ಹೆಪ್ಪುಗಟ್ಟಿಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ. ಪೆಕೊರೀನೊಗೆ ಕುರಿಮರಿಯದ್ದೋ ಕರುವಿನದ್ದೋ ಇರಬಹುದು. ಅದು ಬೇಡವೆನ್ನುವವರು ಮೊದಲೇ ಹೇಳಿದರೆ ಅಡುಗೆಯವರು ಬೇಸರಪಡುವುದಿಲ್ಲ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾರಿನಲ್ಲಿ ಒಗ್ಗರಣೆಗೆಂದು ಚೂರು ಹಂದಿಮಾಂಸ ಸೇರಿಬಿಡಬಹುದು. ಅವರ ಕಣ್ಣಿಗೆ ಅದು ಪರಿಮಳ. ‘ಯಾವ ಪ್ರಾಣಿಯದ್ದೂ ಬೇಡ’ ಎಂದು ಬಿಡಿಸಿ ಹೇಳಿದರೆ, ತಮ್ಮೂರಿನ ತರಕಾರಿಯ ಗುಣಗಾನ ಶುರುವಾಗುತ್ತದೆ.

ಆ ಗುಣಗಾನ ಕೇಳುವುದೇ ಒಂದು ಸುಖ. ತ್ರೇವಿ ಊರಿಗೆ ತನ್ನ ಕಪ್ಪು ಸೆಲರಿ ದೊಡ್ಡದು. ಬಯಲಿನ ಕನ್ನಾರಾಕ್ಕೆ ತನ್ನ ಈರುಳ್ಳಿಯೇ ಜಗತ್ತು. ಕೊಲ್ಫಿಯೊರೀತೊಗೆ ಕೆಂಪು ಸಿಪ್ಪೆಯ ಆಲೂಗಡ್ಡೆ. ತ್ರಾಸಿಮೇನೊ ಸರೋವರದ ದಡದವರಿಗೆ ಅಕ್ಕಿಕಾಳಿನಷ್ಟು ಚಿಕ್ಕ ಒಂದು ಜಾತಿಯ ಅಲಸಂದೆ. ಸುಮಾರು 1,450 ಮೀಟರ್ ಎತ್ತರದ ಕಾಸ್ತೆಲ್ಲೂಚೊದಲ್ಲಿ ಬೆಳೆಯುವ ಮಸೂರಕ್ಕಂತೂ ನೆನೆಹಾಕುವ ಅಗತ್ಯವೂ ಇಲ್ಲ, ಅಷ್ಟು ತೆಳು ಸಿಪ್ಪೆ. ಜೂನ್ ಜುಲೈ ಹೊತ್ತಿಗೆ ಆ ಹೊಲಗಳಲ್ಲಿ ಮಸೂರದ ಜೊತೆ ಕೆಂಪು ಗಸಗಸೆ ಹೂ, ನೀಲಿ ಕಾಡುಹೂ ಎಲ್ಲ ಒಟ್ಟಿಗೆ ಅರಳಿ ಇಡೀ ಬಯಲು ಬಣ್ಣ ಬಣ್ಣವಾಗುತ್ತದೆ. ಬೆಳೆ ಬಂದ ಕಾಲಕ್ಕೆ ಒಂದೊಂದು ಊರೂ ‘ಸಾಗ್ರಾ’ ನಡೆಸುತ್ತದೆ: ಒಂದೇ ಒಂದು ತಿನಿಸಿನ ಹೆಸರಿನಲ್ಲಿ ಊರ ಹಬ್ಬ. ಉದ್ದನೆಯ ಮೇಜುಗಳು, ಕಾಗದ ಹಾಸಿದ ಬೆಂಚುಗಳು, ಅಡುಗೆಗೆ ಊರಿನ ಹೆಂಗಸರು, ಬಡಿಸಲು ಶಾಲೆಯ ಮಕ್ಕಳು, ಲೆಕ್ಕಕ್ಕೆ ನಿವೃತ್ತ ಮೇಷ್ಟ್ರು. ಗುರುತಿಲ್ಲದವರ ಪಕ್ಕ ಒತ್ತಿಕೊಂಡು ಕೂತರೆ ಊಟ ಮುಗಿಯುವಷ್ಟರಲ್ಲಿ ಅವರ ಮೊಮ್ಮಕ್ಕಳ ಹೆಸರೆಲ್ಲ ಗೊತ್ತಾಗಿರುತ್ತದೆ. ಇಟಾಲಿಯನ್ ಭಾಷೆಯನ್ನು ನಾನು ಹೆಚ್ಚು ಕಲಿತದ್ದು ಈ ಬೆಂಚುಗಳ ಮೇಲೆ.

ಮೇ 15ರಂದು ಗುಬ್ಬಿಯೊದಲ್ಲಿ ನಡೆಯುವ ಚೇರಿ ಹಬ್ಬಕ್ಕೆ ಮಾತ್ರ ಊಟದ ಹಂಗಿಲ್ಲ, ಓಟದ ಹುಚ್ಚು. ಸಂತ ಉಬಾಲ್ದೊ, ಸಂತ ಜಾರ್ಜ್, ಸಂತ ಅಂತೋನಿಯೊ, ಮೂವರ ಮೂರ್ತಿಗಳನ್ನು ಎತ್ತರದ ಮರದ ಕಂಬಗಳ ತುದಿಯಲ್ಲಿ ನಿಲ್ಲಿಸಿ, ನೂರಾರು ಕಿಲೋ ತೂಗುವ ಆ ಕಂಬಗಳನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಓಡಿ, ಕೊನೆಗೆ ಇಂಜಿನೊ ಬೆಟ್ಟದ ಮೇಲಿನ ಗುಡಿಗೆ ಹತ್ತುತ್ತಾರೆ. ಓಟವೇನೋ ಹೌದು, ಆದರೆ ಯಾರೂ ಯಾರನ್ನೂ ದಾಟುವಂತಿಲ್ಲ. ಮೊದಲು ಉಬಾಲ್ದೊ, ಆಮೇಲೆ ಜಾರ್ಜ್, ಆಮೇಲೆ ಅಂತೋನಿಯೊ. ಪ್ರತಿ ವರ್ಷವೂ ಅದೇ ಕ್ರಮ. ಹಾಗಾದರೆ ಗೆಲ್ಲುವುದು ಏನು? ಕಂಬ ವಾಲದಂತೆ, ಬೀಳದಂತೆ, ಅಂತರ ಬಿಡದಂತೆ ಓಡುವುದು. ಮುಂದಿನವರಿಗೆ, ಹಿಂದಿನವರು ಒಳಬರುವ ಮುನ್ನ ಗುಡಿಯ ಬಾಗಿಲು ಮುಚ್ಚಿಬಿಡುವ ಆಸೆ. ಹಿಂದಿನವರಿಗೆ ಹಾಗಾಗದಂತೆ ನುಗ್ಗುವ ಆಸೆ. ಈ ಮೂರು ಕಂಬಗಳೇ ಇವತ್ತು ಇಡೀ ಉಂಬ್ರಿಯಾ ಪ್ರಾಂತ್ಯದ ಧ್ವಜದ ಚಿಹ್ನೆ. ಉಳಿದ ದಿನಗಳಲ್ಲಿ ಹೋದವರಿಗೂ ಗುಬ್ಬಿಯೊ ಬೇಸರ ಮಾಡುವುದಿಲ್ಲ. ಅಲ್ಲೊಂದು ಕಾರಂಜಿಯಿದೆ, ಅದರ ಸುತ್ತ ಮೂರು ಸುತ್ತು ಓಡಿ ನೀರು ಚಿಮುಕಿಸಿಕೊಂಡರೆ ಊರಿನ ‘ಹುಚ್ಚ’ರ ಪಟ್ಟಿಗೆ ಸೇರಬಹುದು, ಪ್ರಮಾಣಪತ್ರವನ್ನೂ ಕೊಡುತ್ತಾರೆ. ಬಿಳಿಗಡ್ಡದ ಪ್ರವಾಸಿಗಳು, ಗಂಭೀರ ಮುಖದ ಪ್ರೊಫೆಸರುಗಳು ನಗುತ್ತ ಸುತ್ತುವುದನ್ನು ನೋಡಿದ್ದೇನೆ. ನಾನೂ ಸಂತೋಷದಿಂದ ಸುತ್ತಿದ್ದೇನೆ.

ಒರ್ವಿಯೇತೊದ ಬಂಡೆಗೆ ಹತ್ತಲು ಕೇಬಲ್ ರೈಲು ಇದೆ. 1888ರಲ್ಲಿ ಶುರುವಾದಾಗ ಅದು ನೀರಿನ ಭಾರದಿಂದ ಓಡುತ್ತಿತ್ತು, ಈಗ ವಿದ್ಯುತ್ತಿನಿಂದ. ಮೇಲೆ ಇಳಿದೊಡನೆ ಸಿಗುವುದು ಸಂತ ಪ್ಯಾಟ್ರಿಕ್ ಬಾವಿ. 1527ರಲ್ಲಿ ಶತ್ರುಸೇನೆ ರೋಮ್ ನಗರವನ್ನು ಸೂರೆ ಮಾಡಿದಾಗ ಪೋಪ್ ಏಳನೆಯ ಕ್ಲೆಮೆಂಟ್ ಇಲ್ಲಿಗೆ ಓಡಿಬಂದ. ಮುತ್ತಿಗೆ ಬಿದ್ದರೆ ನೀರಿಗೇನು ಮಾಡುವುದೆಂಬ ಚಿಂತೆ ಹತ್ತಿ, 50 ಮೀಟರಿಗೂ ಆಳದ ಈ ಬಾವಿ ತೋಡಿಸಿದ. ಒಳಗೆ ಒಂದರ ಮೇಲೊಂದು ಸುತ್ತುವ ಎರಡು ಸುರುಳಿ ಮೆಟ್ಟಿಲುಸಾಲುಗಳಿವೆ, ಒಂದೊಂದರಲ್ಲೂ 248 ಮೆಟ್ಟಿಲು. ಇಳಿಯುವ ಹೇಸರಗತ್ತೆಗೆ ಏರುವ ಹೇಸರಗತ್ತೆ ಎದುರಾಗುವುದೇ ಇಲ್ಲ. ಗೋಡೆಯ ಕಿಟಕಿಗಳಿಂದ ಆಚೆ ಬದಿಯಲ್ಲಿ ಏರುವವರ ಮುಖ ಕಾಣುತ್ತದೆ, ಕೈಬೀಸಬಹುದು, ಜೊತೆ ಸೇರಲು ಮಾತ್ರ ತಳ ಮುಟ್ಟಬೇಕು. ಇದನ್ನು ಕಟ್ಟಿದವನು ಕಿರಿಯ ಅಂತೋನಿಯೊ ದಾ ಸಂಗಾಲ್ಲೊ. ಪೆರೂಜಾದ ಕೇರಿಯನ್ನು ಹೂತು ಕೋಟೆ ಕಟ್ಟಿದವನೂ ಅವನೇ. ಕೋಟೆಯನ್ನು ಜನ ಕೆಡವಿದರು. ಬಾವಿಯನ್ನು ಐದು ಶತಮಾನವಾಗುತ್ತ ಬಂದರೂ ಜೋಪಾನ ಮಾಡಿದ್ದಾರೆ. ನೀರು ಕೊಡುವ ಕಟ್ಟಡಕ್ಕೂ ಹೆದರಿಸುವ ಕಟ್ಟಡಕ್ಕೂ ಊರು ಬೇರೆ ಬೇರೆ ನ್ಯಾಯ ಕೊಡುತ್ತದೆ.

ಇದೇ ಒರ್ವಿಯೇತೊದಲ್ಲಿ ‘ಚಿತ್ತಾಸ್ಲೋ’ ಎಂಬ ಚಳವಳಿಯ ಕೇಂದ್ರ ಕಚೇರಿಯಿದೆ. ಕೆಲವು ಚಿಕ್ಕ ಊರುಗಳ ಮೇಯರ್‌ಗಳು 1999ರಲ್ಲಿ ಸೇರಿ ಕಟ್ಟಿದ ಬಳಗ ಅದು, ಚಿಹ್ನೆ ಬಸವನಹುಳು. 50,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರಿಗೆ ಮಾತ್ರ ಸದಸ್ಯತ್ವ. ಊರಿನದೇ ಬೆಳೆ, ಊರಿನದೇ ಕೈಕಸುಬು, ನಡೆಯುವವರಿಗೆ ಬೀದಿ, ಮಾತಾಡಲು ಪುರುಸೊತ್ತು ಉಳಿಸಿಕೊಳ್ಳುತ್ತೇವೆ ಎಂಬುದು ಅವರ ಮಾತು. ಚಿಕ್ಕದಾಗಿರುವುದನ್ನು ಅರ್ಹತೆಯೆಂದು ಬರೆದುಕೊಂಡ ಸಂಘವೊಂದು ಲೋಕದಲ್ಲಿದೆ ಎಂದು ತಿಳಿದ ದಿನ ನನಗೆ ಬಹಳ ಸಮಾಧಾನವಾಯಿತು.

ಆ ಪುರುಸೊತ್ತನ್ನು ಕಣ್ಣಾರೆ ಕಾಣಬೇಕಾದರೆ ಸಂಜೆ ಪೆರೂಜಾದ ವನ್ನೂಚಿ ಬೀದಿಗೆ ಬರಬೇಕು. ಮಧ್ಯಾಹ್ನ ಬಾಗಿಲೆಳೆದಿದ್ದ ಅಂಗಡಿಗಳು ತೆರೆದಿರುತ್ತವೆ. ಊರೇ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬೀದಿಗೆ ಬಂದಿರುತ್ತದೆ. ಎಲ್ಲಿಗೂ ಹೋಗುವುದಿಲ್ಲ, ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಬೀದಿಯ ಕೊನೆಯಲ್ಲಿ ಮಾಜೊರೆ ಕಾರಂಜಿ, ನಿಕೋಲಾ ಪಿಸಾನೊ ಮತ್ತು ಅವನ ಮಗ ಜೊವಾನ್ನಿ 1278ರಲ್ಲಿ ಮುಗಿಸಿದ್ದು. ಅದರ ಕೆಳತೊಟ್ಟಿಯ ಸುತ್ತ ಹನ್ನೆರಡು ತಿಂಗಳ ದುಡಿಮೆಯನ್ನು ಕೆತ್ತಿದ್ದಾರೆ: ಜೂನಿನಲ್ಲಿ ಕಟಾವು, ಸೆಪ್ಟೆಂಬರಿನಲ್ಲಿ ದ್ರಾಕ್ಷಿ ತುಳಿತ, ಡಿಸೆಂಬರಿನಲ್ಲಿ ಹಂದಿ ಕೊಯ್ಯುವುದು. ಊರ ನಡುವಿನ ಅತಿ ದೊಡ್ಡ ಕಲಾಕೃತಿಯ ಮೇಲೆ ರೈತನ ವರ್ಷವನ್ನೂ ಕೂರಿಸಿದ ಆ ಮನಸ್ಸಿಗೆ ನಾನು ಮನಸೋತೆ. ನಾವು ವಿದ್ಯಾರ್ಥಿಗಳು ಎದುರಿನ ಕೆಥೀಡ್ರಲ್‌ನ ಮೆಟ್ಟಿಲ ಮೇಲೆ ಕೂತು, ಹಂಚಿಕೊಂಡ ತೋರ್ತಾ ತಿನ್ನುತ್ತ, ಅರೆಬರೆ ಭಾಷೆಯಲ್ಲಿ ಹಾಡು ರಾಜಕೀಯ ಎಲ್ಲ ಹರಟುತ್ತಿದ್ದೆವು. ಬೆಟ್ಟದ ಮೇಲೆ ಜಾಗ ಕಡಿಮೆ; ಮನೆಗಳು ಕಿರಿದು. ಆದ್ದರಿಂದಲೇ ಚೌಕ ಎಲ್ಲರ ಪಡಸಾಲೆ.

ಇಷ್ಟು ಗಟ್ಟಿಯಾಗಿ ಕಾಣುವ ಊರುಗಳ ಕೆಳಗಿನ ನೆಲ ಗಟ್ಟಿಯಲ್ಲ. 1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಅಸ್ಸೀಸಿಯ ಬಸಿಲಿಕಾದ ಮೇಲ್ಚಾವಣಿ ಕುಸಿದು ನಾಲ್ವರು ಸತ್ತರು. ಪುಡಿಯಾದ ಭಿತ್ತಿಚಿತ್ರಗಳ ಚೂರುಗಳನ್ನು ಆಯ್ದು ಕೂಡಿಸಿದ ತಾಳ್ಮೆಯನ್ನು ಇವತ್ತು ತಲೆಯೆತ್ತಿ ನೋಡಬಹುದು. 2016ರ ಅಕ್ಟೋಬರಿನಲ್ಲಿ ನೋರ್ಚಾದ ಸಂತ ಬೆನೆಡಿಕ್ಟ್ ಬಸಿಲಿಕಾ ಬಿತ್ತು, ಮಸೂರದ ಊರು ಕಾಸ್ತೆಲ್ಲೂಚೊ ಬಹುಪಾಲು ನೆಲಸಮವಾಯಿತು. ಮನೆ ಕಳೆದುಕೊಂಡ ರೈತರು ಮರುವರ್ಷ ಬಿತ್ತನೆ ಬಿಡಲಿಲ್ಲ. ಹೊಲ ಮತ್ತೆ ಹೂಬಿಟ್ಟಿತು. ಪಕ್ಕದ ಲಾತ್ಸಿಯೊ ಪ್ರಾಂತ್ಯದ ಚಿವಿತಾ ದಿ ಬಾನ್ಯೊರೇಜೊ ಊರಿಗೆ ಜೇಡಿಮಣ್ಣಿನ ಬೆಟ್ಟವೇ ಕರಗುತ್ತಿರುವ ಸಂಕಟ. ಕಾಲುಸೇತುವೆಯೊಂದೇ ದಾರಿ. 2013ರಿಂದ ಒಳಗೆ ಹೋಗಲು ಟಿಕೆಟ್ ಇದೆ. ಹಗಲು ಸಾವಿರಾರು ಜನ ಬಂದು ಫೋಟೊ ತೆಗೆದು ಹೋಗುತ್ತಾರೆ. ವರ್ಷವಿಡೀ ಅಲ್ಲೇ ಇರುವವರು ಬೆರಳೆಣಿಕೆ. ಉಳಿದ ಬೆಟ್ಟದ ಊರುಗಳಿಗೂ ಇದೇ ಅಂಜಿಕೆ. ಮಕ್ಕಳು ಕೆಲಸ ಹುಡುಕಿ ಮಿಲಾನಿಗೆ, ಜರ್ಮನಿಗೆ ಹೊರಡುತ್ತಾರೆ. ಬಾಗಿಲು ಮುಚ್ಚಿದ ಮನೆಗಳ ಮುಂದೆ ಹೂಕುಂಡಗಳಿಗೆ ನೆರೆಮನೆಯ ಅಜ್ಜಿ ನೀರು ಹಾಕುತ್ತಾರೆ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಖಚಿತವಾದದ್ದು ಒಂದೇ: ಊರು ದೊಡ್ಡದಾಗಬೇಕಿಲ್ಲ, ಪೂರ್ತಿಯಾಗಿರಬೇಕು. ತನ್ನದೊಂದು ಚೌಕ, ತನ್ನದೊಂದು ನೀರು, ತನ್ನದೊಂದು ಹಬ್ಬ, ತನ್ನದೊಂದು ರುಚಿ, ಅದರ ಬಗ್ಗೆ ನಾಚಿಕೆಯಿಲ್ಲದ ಅಭಿಮಾನ. ಇಷ್ಟಿದ್ದರೆ ಕೆಲವೇ ಸಾವಿರ ಜನರ ಊರೂ ತುಂಬಿದ ಊರು. ಬೆಟ್ಟದ ಮೇಲೆ ಕಲ್ಯಾಣಿ, ವೈರಮುಡಿ, ಪುಳಿಯೋಗರೆ ಉಳಿಸಿಕೊಂಡಿರುವ ಮೇಲುಕೋಟೆಯನ್ನು ಬಲ್ಲ ನಮಗೆ ಇದು ಹೊಸದಲ್ಲ. ಉಳಿದ ನಮ್ಮ ಊರುಗಳೂ ಹೀಗೆ ತಲೆಯೆತ್ತಿ ನಿಲ್ಲಲಿ ಎಂಬ ಹಂಬಲ ಮಾತ್ರ ಅಲ್ಲಿ ಹೆಚ್ಚಾಯಿತು.

ಇಟಲಿಗೆ ಹೊರಟ ಕನ್ನಡಿಗರು ರೋಮ್, ಫ್ಲಾರೆನ್ಸ್, ವೆನಿಸ್ ಎಂದು ಮೂರು ಹೆಸರು ಬರೆದುಕೊಂಡು ಓಡುತ್ತಾರೆ. ಅವು ನೋಡಲೇಬೇಕಾದ ನಗರಗಳೇ. ಆದರೆ ಒಂದು ರಾತ್ರಿಯನ್ನಾದರೂ ಬೆಟ್ಟದ ಊರಿಗೆ ಮೀಸಲಿಡಿ. ಪ್ರವಾಸಿ ಬಸ್ಸುಗಳು ಹೊರಟುಹೋದ ಮೇಲೆ ಊರು ತನ್ನವರೊಡನೆ ಮಾತಿಗೆ ಕೂರುತ್ತದೆ. ಆಗ ನೀವು ಅಲ್ಲಿರಬೇಕು. ಭಾರದ ಸೂಟ್‌ಕೇಸ್ ಬೇಡ, ಜಾರದ ಬೂಟಿರಲಿ. ಭಾನುವಾರ ಬಸ್ಸು ವಿರಳ, ವೇಳಾಪಟ್ಟಿಯನ್ನು ಹಿಂದಿನ ದಿನವೇ ನೋಡಿಕೊಳ್ಳಿ. ಹೋಟೆಲಿನಲ್ಲಿ ಪಿಜ್ಜಾ ಕೇಳುವ ಮುಂಚೆ ‘ನಿಮ್ಮೂರಿನದು ಏನಿದೆ?’ ಎಂದು ಕೇಳಿ. ಅಲ್ಲಿನ ಅಂಗಡಿಯಲ್ಲೇ ಬ್ರೆಡ್ಡು, ಎಣ್ಣೆ, ಕಾಳು ಕೊಳ್ಳಿ. ಬರಿಯ ಫೋಟೊ ತೆಗೆದು ಇಳಿದುಬರುವವರಿಂದ ಊರು ಬದುಕುವುದಿಲ್ಲ. ಉಂಡು, ಮಲಗಿ, ಬೆಳಿಗ್ಗೆ ಬೇಕರಿಯವರಿಗೆ ನಮಸ್ಕಾರ ಹೇಳಿ ಹೊರಡುವವರಿಂದ ಬದುಕುತ್ತದೆ.